ನಾಲ್ಕು ಗಂಟೆಯವರೆಗೆ

ಸತ್ತವರ ಬಗ್ಗೆ ಮಾತಾಡುವಾಗ ಕಿಬ್ಬುತ್ಸಿನ ಜನಕ್ಕೆ ಬೇರೆಯೇ ಒಂದು ದನಿ ಬಂದುಬಿಡುತ್ತದೆ. ಸ್ವರ ತಗ್ಗುತ್ತದೆ, ಕಣ್ಣು ನೆಲ ನೋಡುತ್ತದೆ, ಬಾಯಿಂದ ಬರುವ ಒಂದೊಂದು ಮಾತೂ ಮೊದಲೇ ಒಗೆದು ಇಸ್ತ್ರಿ ಮಾಡಿ ಮಡಚಿಟ್ಟಂತೆ ಇರುತ್ತದೆ. ಇಸ್ತ್ರಿಯ ವಿಚಾರ ಬ್ರೋಂಕಾಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಸಂಬಳವಿಲ್ಲದೆ ಎಲ್ಲರೂ ಕೂಡಿ ದುಡಿದು ಕೂಡಿ ಉಣ್ಣುವ ಗಿವತ್ ರಿಮೋನ್ ಕಿಬ್ಬುತ್ಸಿನ ಬಟ್ಟೆ ಉಗ್ರಾಣದಲ್ಲಿ ಇಷ್ಟು ವರ್ಷ ಅವಳು ಮಾಡಿದ ಕೆಲಸವೇ ಅದು. ಆದ್ದರಿಂದ ಎಲ್ಯಕೀಮ್ ಬಾಗಿಲಲ್ಲಿ ನಿಂತು ಗಂಟಲು ಸರಿಮಾಡಿಕೊಂಡು ಆ ದನಿ ತೆಗೆದ ಕೂಡಲೇ ಅವಳಿಗೆ ಮೈಯೆಲ್ಲ ಉರಿಯಿತು.

"ಬ್ರೋಂಕಾ, ಗುರುವಾರ ಸಂಜೆ ಗಿಯೋರಾನ ನೆನಪಿನ ಕಾರ್ಯಕ್ರಮ..."

"ಗೊತ್ತು ಕಣೋ. ನನ್ನ ಮಗ ಸತ್ತು ವರ್ಷ ಆಯ್ತು ಅಂತ ನೀನು ಬಂದು ಹೇಳ್ಬೇಕಾ?"

ಎಲ್ಯಕೀಮ್ ಒಳ್ಳೆಯ ಹುಡುಗ. ಅವನೂ ಗಿಯೋರಾನೂ ಒಂದೇ ಮಕ್ಕಳ ಮನೆಯಲ್ಲಿ, ಒಂದೇ ಕೋಣೆಯಲ್ಲಿ, ಅಕ್ಕಪಕ್ಕದ ಮಂಚಗಳಲ್ಲಿ ಬೆಳೆದವರು. ಕಳೆದ ವರ್ಷ ಉಪವಾಸದ ಹಬ್ಬದ ದಿನ ಯುದ್ಧ ಶುರುವಾದಾಗ ಇಬ್ಬರೂ ಒಂದೇ ಬಸ್ಸು ಹತ್ತಿ ದಕ್ಷಿಣಕ್ಕೆ ಹೋದರು. ಗಿಯೋರಾ ಗಡಿಯ ಕಾಲುವೆಯ ಹತ್ತಿರ ಉರಿದ ಟ್ಯಾಂಕಿನೊಳಗೇ ಉಳಿದ. ಎಲ್ಯಕೀಮ್ ಸುಟ್ಟ ಎಡಗೈಯೊಂದಿಗೆ ವಾಪಸು ಬಂದ. ಬಂದದ್ದು ಅವನ ತಪ್ಪೇನಲ್ಲ. ಆದರೂ ಆ ಕೈ ಕಂಡಾಗಲೆಲ್ಲ ಬ್ರೋಂಕಾಗೆ ಇಂಥದೇ ಒಂದು ಸುಟ್ಟ ಕೈ ನನ್ನ ಮನೆಗೂ ಬರಬಹುದಿತ್ತಲ್ಲ ಅನ್ನಿಸುತ್ತಿತ್ತು, ಹಾಗನ್ನಿಸಿದ್ದಕ್ಕೆ ಅವನ ಮೇಲೆ ಇನ್ನಷ್ಟು ಸಿಟ್ಟು ಬರುತ್ತಿತ್ತು.

"ಕಾರ್ಯದರ್ಶಿ ನಾಫ್ತಾಲಿ ಮಾತಾಡ್ತಾನೆ. ಆಮೇಲೆ ನಾನು. ಗಿಯೋರಾ ಎಷ್ಟು ಸರಳ, ಎಷ್ಟು ಮೌನಿ, ಕಾಡು ಬೆಟ್ಟ ಹೂವು ಅಂದ್ರೆ ಅವನಿಗೆಷ್ಟು ಪ್ರೀತಿ..."

"ಯಾರಿಗೆ? ಜೇನುನೊಣ ಕಂಡ್ರೆ ಚಡ್ಡಿ ಬಿಚ್ಚಿಹೋದ್ರೂ ಪರವಾಗಿಲ್ಲ ಅಂತ ಓಡ್ತಿದ್ನಲ್ಲ, ಅವನಿಗಾ? ಮೌನಿಯಂತೆ! ಬಾಯಿ ಮುಚ್ಚಿದ್ರೆ ತಾನೇ ಮೌನ. ಇದೇ ಮಾತನ್ನ ನೀವು ಪಕ್ಕದ ಕಿಬ್ಬುತ್ಸಿನ ಸತ್ತ ಹುಡುಗನ ಬಗ್ಗೆನೂ ಹೇಳಿದ್ರಿ. ನಾನೂ ಹೋಗಿದ್ದೆ, ಕೇಳಿದೀನಿ. ಹೆಸರೊಂದು ಬದಲಾಯಿಸ್ಕೊಂಡು ಊರೂರಿಗೆ ತಿರುಗ್ತೀರಾ?"

ಎಲ್ಯಕೀಮ್‌ಗೆ ನಗು ಬಂತು. ನಗಬಾರದ ಜಾಗ ಅಂತ ನೆನಪಾಗಿ ಅದನ್ನು ನುಂಗಿಕೊಂಡ. "ಹಾಗಾದ್ರೆ ನೀನೇ ಮಾತಾಡು," ಅಂದ. "ಅಪ್ಪ ಅಮ್ಮ ಮಾತಾಡೋ ಪದ್ಧತಿ ಇಲ್ಲ, ಆದ್ರೂ ನಾನು ನಾಫ್ತಾಲಿಗೆ ಹೇಳ್ತೀನಿ. ಚಿಕ್ಕಂದಿನದು ಏನಾದ್ರೂ. ಮೊದಲ ಹಲ್ಲು, ಮೊದಲ ಮಾತು, ಮೊದಲ ಹೆಜ್ಜೆ. ತಾಯಿಗೆ ಮಾತ್ರ ಗೊತ್ತಿರೋ ಅಂಥದ್ದು."

"ಮಾತಾಡ್ತೀನಿ," ಎಂದಳು ಬ್ರೋಂಕಾ. "ನೀವೆಲ್ಲ ಕಿವಿ ತೊಳ್ಕೊಂಡು ಬನ್ನಿ."

ಅವನು ಹೋದ ಮೇಲೆ ಇಸ್ತ್ರಿ ಪೆಟ್ಟಿಗೆಯನ್ನು ಎತ್ತಿ ಬದಿಗಿಟ್ಟು ಸ್ಟೂಲಿನ ಮೇಲೆ ಕೂತಳು. ಮೊದಲ ಹಲ್ಲು. ಮೊದಲ ಮಾತು. ಮೊದಲ ಹೆಜ್ಜೆ. ಒಂದೊಂದನ್ನೂ ಹುಡುಕಿದಳು. ಒಂದೂ ಅವಳ ಹತ್ತಿರ ಇರಲಿಲ್ಲ.

ಇರುವುದಾದರೂ ಹೇಗೆ? ಹೆರಿಗೆಯಾಗಿ ಆಸ್ಪತ್ರೆಯಿಂದ ಬಂದ ಮಗು ನೆಟ್ಟಗೆ ಹೋದದ್ದು ಕೂಸುಗಳ ಮನೆಗೆ. ಅಲ್ಲೇ ಮಲಗುವುದು, ಅಲ್ಲೇ ಏಳುವುದು, ಅಲ್ಲೇ ಸ್ನಾನ, ಊಟ, ಜ್ವರ. ಮಧ್ಯಾಹ್ನ ನಾಲ್ಕಕ್ಕೆ ತಾಯಂದಿರು ಬಾಗಿಲಿಗೆ ಬಂದು ತಮ್ಮ ತಮ್ಮ ಮಕ್ಕಳನ್ನು ಕರೆದುಕೊಂಡು ಹೋಗಬೇಕು, ಏಳಕ್ಕೆ ತಂದು ಬಿಡಬೇಕು. ಮೂರು ಗಂಟೆಯ ತಾಯಿತನ. ಉಳಿದ ಹೊತ್ತೆಲ್ಲ ಮಕ್ಕಳ ಮನೆಯ ಪಾಲಕಿಯದು. ಗಿಯೋರಾನ ಗುಂಪಿನ ಪಾಲಕಿ ಶಿಫ್ರಾ. ಕೂಸುಗಳ ಮನೆಯಿಂದ ಹಿಡಿದು ಶಾಲೆ ಸೇರುವವರೆಗೆ ಆ ಗುಂಪಿನ ಜೊತೆಗೇ ಸಾಗಿದವಳು ಅವಳು. ಮಕ್ಕಳು ಮೊದಲ ಮಾತು ಆಡುವುದು, ಎದ್ದು ನಡೆಯುವುದು ಎಲ್ಲವೂ ಬೆಳಗಿನ ಹೊತ್ತು, ಹೊಟ್ಟೆ ತುಂಬಿ ಮೈಯಲ್ಲಿ ಹುರುಪಿದ್ದಾಗ. ನಾಲ್ಕರ ಹೊತ್ತಿಗೆ ಬ್ರೋಂಕಾಳ ಕೈಗೆ ಸಿಗುತ್ತಿದ್ದದ್ದು ದಣಿದು ಕಿರಿಕಿರಿ ಮಾಡುವ ಒಂದು ಜೀವ.

ಅವಳಿಗೆ ನಿಜವಾಗಿ ನೆನಪಿದ್ದದ್ದು ಒಂದೇ. ಗಿಯೋರಾ ನಾಲ್ಕು ವರ್ಷದವನು, ಬ್ರೋಂಕಾ ಮತ್ತು ಗಂಡ ಇದ್ದ ಕೋಣೆಯ ಮೆಟ್ಟಿಲ ಮೇಲೆ ಕೂತು ಏಪ್ರಿಕಾಟ್ ಜಾಮನ್ನು ಚಮಚದಲ್ಲಿ ನೆಕ್ಕುತ್ತಾ, ಎರಡು ಚಮಚಕ್ಕೊಮ್ಮೆ ತಲೆ ಎತ್ತಿ "ಹೊತ್ತಾಯ್ತಾ?" ಅನ್ನುವುದು. ಏಳಾಯಿತಾ ಅಂತ. ಎಲ್ಲರಿಗಿಂತ ತಡವಾಗಿ ಹೋದರೆ ಉಳಿದ ಮಕ್ಕಳು ಆಡಿಕೊಳ್ಳುತ್ತಾರೆ ಎಂಬ ಹೆದರಿಕೆ ಅವನಿಗೆ. ಇವಳು ಕಥೆ ಹೇಳುತ್ತಿದ್ದರೂ ಕಣ್ಣು ಮಕ್ಕಳ ಮನೆಯ ಕಡೆಗೇ. ಹೊತ್ತಾಯ್ತಾ, ಹೊತ್ತಾಯ್ತಾ. ಮಗ ನನ್ನಿಂದ ಯಾವಾಗ ಬಿಡುಗಡೆ ಅಂತ ಕೇಳುತ್ತಿದ್ದ ಎಂಬುದನ್ನು ಯಾವ ತಾಯಿ ಮೈಕಿನ ಮುಂದೆ ನಿಂತು ಹೇಳುತ್ತಾಳೆ?

ರಾತ್ರಿ ಊಟದ ಹೊತ್ತಿಗೆ ಗಂಡನನ್ನು ಕೇಳಿದಳು. ಜೇಲಿಗ್ ಮೀನಿನ ಕೊಳಗಳಲ್ಲಿ ಕೆಲಸ ಮಾಡುವವನು. ಮಗ ಸತ್ತ ಮೇಲೆ ಮೀನುಗಳ ಹಾಗೆಯೇ ಆಗಿದ್ದ: ಬಾಯಿ ಆಡುತ್ತಿತ್ತು, ಸದ್ದಿರಲಿಲ್ಲ.

"ಮೊದಲ ಹೆಜ್ಜೆಯಾ?" ಎಂದ ಬಹಳ ಹೊತ್ತು ಯೋಚಿಸಿ. "ಟ್ರ್ಯಾಕ್ಟರಿನ ಮೇಲೆ ಕೂರಿಸಿದ್ದು ನೆನಪಿದೆ."

"ಟ್ರ್ಯಾಕ್ಟರಿನ ಮೇಲೆ ಯಾರಾದ್ರೂ ಹೆಜ್ಜೆ ಇಡ್ತಾರೇನ್ರೀ?"

"ಶಿಫ್ರಾನ್ನ ಕೇಳು. ಅವಳಿಗೆ ಗೊತ್ತಿರುತ್ತೆ."

ಬ್ರೋಂಕಾ ತಟ್ಟೆಯನ್ನು ಎತ್ತಿಕೊಂಡು ಎದ್ದುಬಿಟ್ಟಳು. ಆ ಹೆಸರು ಆ ಕೋಣೆಯಲ್ಲಿ ಹೇಳುವ ಹೆಸರಲ್ಲ.

ಶಿಫ್ರಾಳ ಮೇಲೆ ಬ್ರೋಂಕಾಗೆ ಇದ್ದ ಹಗೆ ಹಳೆಯದು, ಚೆನ್ನಾಗಿ ಸಾಕಿದ್ದು. ಗಿಯೋರಾಗೆ ದಡಾರ ಬಂದಿತ್ತು, ಮೂರು ವರ್ಷ ಅವನಿಗಾಗ. ಮಗುವನ್ನು ನಾಲ್ಕಕ್ಕೂ ಹೊರಗೆ ಬಿಡುವ ಹಾಗಿಲ್ಲ, ತಾಯಿ ಒಳಗೂ ಬರುವ ಹಾಗಿಲ್ಲ ಅಂತ ಕಟ್ಟುನಿಟ್ಟು. ಬ್ರೋಂಕಾ ಕಿಟಕಿಯ ಹೊರಗೆ ನಿಂತು ನೋಡಿದಳು. ಮಗ ಅವಳನ್ನು ಕಂಡು ಕೈ ಚಾಚಿ ಅತ್ತ. ಶಿಫ್ರಾ ಬಂದಳು, ಇವಳ ಮುಖವನ್ನು ಒಂದು ಸಲ ನೋಡಿದಳು, ಪರದೆ ಎಳೆದಳು. ಅಷ್ಟೇ. ಪರದೆಯ ಮೇಲೆ ಬಾತುಕೋಳಿಗಳ ಚಿತ್ರ ಇತ್ತು. ಅಂದಿನಿಂದ ಇಂದಿನವರೆಗೆ ಬ್ರೋಂಕಾ ಬಾತುಕೋಳಿಯ ಮಾಂಸ ಮುಟ್ಟಿಲ್ಲ.

ಆ ಸಾಲ ಅವಳು ತೀರಿಸಿದ್ದಳು ಅನ್ನಿ. ಕಳೆದ ವರ್ಷ ಸೂತಕದ ವಾರದಲ್ಲಿ ಇಡೀ ಕಿಬ್ಬುತ್ಸ್ ಅವರ ಕೋಣೆಗೆ ಬಂತು. ಕೂತರು, ಎದ್ದರು, ಕೈ ಹಿಡಿದರು. ಮೂರನೆಯ ದಿನ ಶಿಫ್ರಾ ಬಂದಳು, ಕೈಯಲ್ಲಿ ಗಸಗಸೆಯ ಕೇಕಿನ ತಟ್ಟೆ. ಬ್ರೋಂಕಾ ಬಾಗಿಲಲ್ಲೇ ತಟ್ಟೆ ತೆಗೆದುಕೊಂಡು, "ಗಾಳಿ ಬರ್ತಿದೆ," ಅಂದು ಬಾಗಿಲು ಮುಚ್ಚಿದಳು. ಈ ಗುರುವಾರದ ಕಾರ್ಯಕ್ರಮದಲ್ಲಿ ಶಿಫ್ರಾ ಮಾತಾಡುವುದಾದರೆ ನಾನು ಬರುವುದಿಲ್ಲ ಅಂತ ನಾಫ್ತಾಲಿಗೂ ಹೇಳಿ ಕಳಿಸಿದ್ದಳು. ನಾಫ್ತಾಲಿ ಜಗಳವೆಂದರೆ ಹತ್ತು ಮಾರು ದೂರ ಹಾರುವವನು. ಶಿಫ್ರಾಳನ್ನು ಯಾರೂ ಕರೆಯಲಿಲ್ಲ.

ಇಷ್ಟೆಲ್ಲ ಆದ ಮೇಲೆ ಅವಳ ಹತ್ತಿರ ಹೋಗಿ ಕೈಯೊಡ್ಡುವುದು ಅಂದರೆ ಬ್ರೋಂಕಾಗೆ ವಿಷ ಕುಡಿದಂತೆ. ಎರಡು ದಿನ ಹಲ್ಲು ಕಚ್ಚಿ ಕೂತಳು. ಬುಧವಾರ ಮಧ್ಯಾಹ್ನ ಉಗ್ರಾಣದ ಬಾಗಿಲು ಹಾಕಿ ಹೊರಟಳು.

ಮಕ್ಕಳು ಮಲಗಿದ್ದ ಹೊತ್ತು. ಶಿಫ್ರಾ ಮಕ್ಕಳ ಮನೆಯ ಹಿತ್ತಲಲ್ಲಿ ಪುಟ್ಟ ಪುಟ್ಟ ಹಾಸಿಗೆ ಬಟ್ಟೆಗಳನ್ನು ಹಗ್ಗಕ್ಕೆ ಹಾಕುತ್ತಿದ್ದಳು. ತೆಳ್ಳಗೆ, ಉದ್ದಕ್ಕೆ, ಬಾಯಲ್ಲಿ ಬಟ್ಟೆ ಕ್ಲಿಪ್ಪು ಕಚ್ಚಿಕೊಂಡಿದ್ದಳು. ಅವಳಿಗೆ ಸ್ವಂತ ಮಕ್ಕಳಿಲ್ಲ. ಗಂಡ ಅನ್ನುವವನು ಹೈಫಾಗೆ ಹೋದವನು ವಾಪಸು ಬರಲಿಲ್ಲ. ಬ್ರೋಂಕಾಳನ್ನು ಕಂಡು ಕ್ಲಿಪ್ಪು ಕೈಗೆ ತೆಗೆದುಕೊಂಡಳು.

"ಈಗಿನ್ನೂ ಎರಡು ಗಂಟೆ. ತಾಯಂದಿರು ನಾಲ್ಕಕ್ಕೆ."

"ಇಲ್ಲಿ ನನ್ನ ಮಗು ಯಾವುದೂ ಇಲ್ಲ."

"ಗೊತ್ತು. ಬಾಯಿಗೆ ಅಭ್ಯಾಸ."

ಕ್ಷಮಿಸು ಅನ್ನಬಹುದಿತ್ತು. ಅನ್ನಲಿಲ್ಲ. ಬ್ರೋಂಕಾಳೂ ಅದನ್ನು ನಿರೀಕ್ಷಿಸಿರಲಿಲ್ಲ.

"ಒಂದು ವಿಷಯ ಕೇಳ್ಬೇಕಿತ್ತು. ಗಿಯೋರಾ ಮೊದಲನೇ ಸಲ ನಡೆದದ್ದು ಯಾವಾಗ? ಹೇಗೆ?"

ಶಿಫ್ರಾ ಒದ್ದೆ ಬಟ್ಟೆಯನ್ನು ಕೈಯಲ್ಲೇ ಹಿಡಿದುಕೊಂಡು ಅವಳನ್ನು ನೋಡಿದಳು. ಆಮೇಲೆ ನಕ್ಕಳು. ಒಳ್ಳೆಯ ನಗುವಲ್ಲ ಅದು.

"ಇಷ್ಟು ವರ್ಷ ಬೇಕಾಯ್ತಾ ಕೇಳೋಕೆ? ಅವನು ಬದುಕಿದ್ದಾಗ ಒಂದು ದಿನವಾದ್ರೂ ಕೇಳಿದ್ದೀಯೇನೇ?"

"ಹೇಳ್ತೀಯೋ ಇಲ್ವೋ?"

"ಇಲ್ಲ."

"ಯಾಕೆ?"

"ಯಾಕೆ ಅಂದ್ರೆ ನನ್ನ ಹತ್ರ ಇರೋದು ಅಷ್ಟೇ." ಶಿಫ್ರಾ ಬಟ್ಟೆಯನ್ನು ಹಗ್ಗದ ಮೇಲೆ ಎಸೆದಳು. "ನಿನ್ನ ಹತ್ರ ಫೋಟೋ ಇದೆ. ಅವನ ಗಡಿಯಾರ ಇದೆ. ಮೊದಲ ಸಾಲಲ್ಲಿ ಕುರ್ಚಿ ಇದೆ. ಕಲ್ಲಿನ ಮೇಲೆ 'ಬ್ರೋಂಕಾ ಮತ್ತು ಜೇಲಿಗರ ಮಗ' ಅಂತ ಕೆತ್ತಿದ್ದಾರೆ. ಸೈನ್ಯದವರು ಬಂದು ಯಾರ ಬಾಗಿಲು ತಟ್ಟಿದ್ರು? ನಿನ್ನದು. ನನಗೆ ಹೇಗೆ ಗೊತ್ತಾಯ್ತು ಗೊತ್ತೇನೇ? ಊಟದ ಮನೆಯಲ್ಲಿ ಸೂಪಿನ ಸಾಲಲ್ಲಿ ನಿಂತಿದ್ದೆ. ಸೌಟು ಹಿಡಿದವಳು, 'ಗಿಯೋರಾ ಹೋದ್ನಂತೆ, ಶಿಫ್ರಾ, ನಿನಗೆ ನೂಡಲ್ಸ್ ಹಾಕ್ಲಾ?' ಅಂದ್ಲು. ಹಾಕಿಸ್ಕೊಂಡು ಬಂದು ಕೂತೆ. ಏನ್ಮಾಡ್ಲಿ? ಯಾರೂ ನನ್ನ ಕೈ ಹಿಡೀಲಿಲ್ಲ. ನಾನು ಯಾರು ಕೈ ಹಿಡಿಸ್ಕೊಳ್ಳೋಕೆ? ಸಂಜೆ ಬಂದು ಈ ಮಕ್ಕಳ ಅಂಡು ತೊಳೆದೆ."

"ನೀನು ಪರದೆ ಎಳೆದಿದ್ದೆ," ಎಂದಳು ಬ್ರೋಂಕಾ. ಎಷ್ಟೋ ವರ್ಷದಿಂದ ಗಂಟಲಲ್ಲಿದ್ದ ಮಾತು, ಈಗ ಸುಮ್ಮನೆ ಹೊರಗೆ ಬಿತ್ತು.

"ಎಳೆದೆ. ಎಳೀಬೇಕು ಅಂತ ಮಹಾಸಭೆಯಲ್ಲಿ ತೀರ್ಮಾನ ಮಾಡಿದವರು ಯಾರು? ಕೈ ಎತ್ತಿ ಅಂದ್ರು. ನಿನ್ನ ಕೈ ಎಲ್ಲರಿಗಿಂತ ಮೇಲಿತ್ತು, ಬ್ರೋಂಕಾ. ಹೊಸ ಮನುಷ್ಯನ್ನ ಬೆಳೆಸ್ತೀವಿ, ತಾಯಂದಿರ ಸೆರಗಿನಿಂದ ಬಿಡಿಸ್ತೀವಿ ಅಂತ ಭಾಷಣ ಬೇರೆ ಮಾಡಿದ್ದೆ. ನಾನು ಕೈ ಎತ್ತಲಿಲ್ಲ. ಬೇಡ ಅಂದವರು ಇಡೀ ಸಭೆಯಲ್ಲಿ ನಾವು ಮೂರೇ ಜನ. ಕೊನೆಗೆ ಪರದೆ ಎಳೆಯೋ ಕೆಲಸ ಯಾರಿಗೆ ಬಂತು? ಬೇಡ ಅಂದವಳಿಗೆ."

ಅದು ಸುಳ್ಳಾಗಿದ್ದರೆ ಬ್ರೋಂಕಾ ಅವಳ ಜುಟ್ಟು ಹಿಡಿಯುತ್ತಿದ್ದಳು. ಸುಳ್ಳಲ್ಲ. ಆಗ ಅವಳಿಗೆ ಇಪ್ಪತ್ತಮೂರು, ಮದುವೆಯೂ ಆಗಿರಲಿಲ್ಲ, ಮಗು ಅಂದರೆ ಅವಳಿಗೆ ಗೋಡೆಯ ಮೇಲಿನ ಚಿತ್ರ. ಯಾರದೋ ಮಕ್ಕಳ ವಿಚಾರಕ್ಕೆ ಕೈ ಎತ್ತಿದ್ದಳು.

"ಒಂದು ಮಾಡು," ಎಂದಳು ಶಿಫ್ರಾ, ದನಿ ಸ್ವಲ್ಪ ತಗ್ಗಿಸಿ. "ಶುಕ್ರವಾರ ಬೆಳಿಗ್ಗೆ ಗೋರಿ ಹತ್ರ ನನ್ನನ್ನ ಒಳಗಿನ ಸಾಲಲ್ಲಿ ನಿಲ್ಲಿಸು. ಮನೆಯವರ ಜೊತೆ. ಅಷ್ಟೇ. ಆಗ ಹೇಳ್ತೀನಿ. ಹೆಜ್ಜೆನೂ ಹೇಳ್ತೀನಿ, ಹಲ್ಲೂ ಹೇಳ್ತೀನಿ."

ಒಳಗಿನ ಸಾಲು ಅಂದರೆ ಗೋರಿಯ ಸುತ್ತ. ಹೆತ್ತವರು, ಒಡಹುಟ್ಟಿದವರು, ಹೆಂಡತಿ. ಉಳಿದ ಕಿಬ್ಬುತ್ಸೆಲ್ಲ ಸೈಪ್ರಸ್ ಮರಗಳ ಆಚೆ. ಕಳೆದ ವರ್ಷ ಮಣ್ಣು ಮಾಡಿದ ಮೂವತ್ತನೆಯ ದಿನ ಎಲ್ಲರೂ ಅಲ್ಲಿ ಸೇರಿದಾಗ ಶಿಫ್ರಾ ಟ್ರ್ಯಾಕ್ಟರ್ ಗ್ಯಾರೇಜಿನ ಗಂಡಸರ ಬೆನ್ನ ಹಿಂದೆ ನಿಂತಿದ್ದನ್ನು ಬ್ರೋಂಕಾ ನೋಡಿದ್ದಳು. ನೋಡಿ ಸಂತೋಷಪಟ್ಟಿದ್ದಳು.

"ನೀನು ಯಾರೇ ಅಲ್ಲಿ ನಿಲ್ಲೋಕೆ?" ಎಂದಳು. "ಸಂಬಳ ಇಲ್ಲದ ಆಯಾ."

"ಇಲ್ಲಿ ಯಾರಿಗೆ ಸಂಬಳ ಇದೆ?" ಎಂದಳು ಶಿಫ್ರಾ. "ಹೋಗು. ಮಕ್ಕಳು ಏಳ್ತಾರೆ."

ಗುರುವಾರ ಸಂಜೆ ಊಟದ ಮನೆಯ ಮೇಜುಗಳನ್ನೆಲ್ಲ ಗೋಡೆಗೆ ಸರಿಸಿದ್ದರು. ಬಿಳಿ ಬಟ್ಟೆ ಹಾಸಿದ ಒಂದು ಮೇಜಿನ ಮೇಲೆ ಗಿಯೋರಾನ ದೊಡ್ಡ ಫೋಟೋ, ಎರಡು ದಾಳಿಂಬೆ ಕೊಂಬೆ, ಒಂದು ಮೇಣದ ಬತ್ತಿ. ಫೋಟೋದಲ್ಲಿ ಅವನು ಬಿಸಿಲಿಗೆ ಕಣ್ಣು ಕಿರಿದು ಮಾಡಿ ಯಾರನ್ನೋ ಬೈಯುವವನ ಹಾಗೆ ನಿಂತಿದ್ದ. ಆ ಫೋಟೋ ಬ್ರೋಂಕಾಳೇ ಆರಿಸಿದ್ದು. ನಾಫ್ತಾಲಿಗೆ ನಗುತ್ತಿರುವುದು ಬೇಕಿತ್ತು.

ಅವಳು ಮೊದಲ ಸಾಲಲ್ಲಿ ಜೇಲಿಗನ ಪಕ್ಕ ಕೂತಳು. ತಿರುಗಿ ನೋಡಲಿಲ್ಲ. ಆದರೂ ಶಿಫ್ರಾ ಎಲ್ಲಿದ್ದಾಳೆ ಅಂತ ಅವಳಿಗೆ ಗೊತ್ತಿತ್ತು: ಹಿಂದೆ, ಎಂಜಲು ತಟ್ಟೆ ಒಳಗೆ ತಳ್ಳುವ ಕಿಂಡಿಯ ಪಕ್ಕ. ನಿಂತೇ ಇದ್ದಾಳೆ.

ಗಾಯನ ತಂಡ ಹಾಡಿತು. ನಾಫ್ತಾಲಿ ಎದ್ದ. ಸರಳ, ಮೌನಿ, ಹೂವು. ಬ್ರೋಂಕಾ ಉಗುರಿನಿಂದ ಅಂಗೈ ಒತ್ತಿಕೊಂಡು ಕೂತಿದ್ದಳು. ಇಡೀ ದಿನ ಯೋಚಿಸಿ ಅವಳು ಒಂದು ತೀರ್ಮಾನಕ್ಕೆ ಬಂದಿದ್ದಳು. ಜಾಮಿನ ಕಥೆಯನ್ನೇ ಹೇಳುತ್ತೇನೆ. ಹೊತ್ತಾಯ್ತಾ ಅನ್ನುತ್ತಿದ್ದ ಅಂತಲೇ ಹೇಳುತ್ತೇನೆ. ಇರುವುದು ಅದೊಂದು, ನಾಚಿಕೆಯಾದರೂ ನನ್ನದು. ಅವಳು ನಿಜವಾಗಿಯೂ ಅದನ್ನೇ ಹೇಳುತ್ತಿದ್ದಳು, ನಾಫ್ತಾಲಿ ಕೊನೆಯ ಮಾತನ್ನು ಹೇಳದೇ ಇದ್ದಿದ್ದರೆ.

"ಗಿಯೋರಾ ಒಂದು ಕೋಣೆಯ ಮಗ ಅಲ್ಲ," ಎಂದ ನಾಫ್ತಾಲಿ, ತನ್ನ ಮಾತಿಗೆ ತಾನೇ ಕರಗುತ್ತಾ. "ನಮ್ಮೆಲ್ಲರ ಮಗ. ಈ ಮನೆಯ ಮಗ. ನಮ್ಮೆಲ್ಲರ ಕೈಗಳೂ ಅವನನ್ನು ನಡೆಸಿದವು."

ಬ್ರೋಂಕಾಳ ತಲೆ ಕೆಟ್ಟುಹೋಯಿತು. ಎದ್ದು ನಿಂತಳು. ಮೈಕಿನ ಹತ್ತಿರ ಹೋಗಲೂ ಇಲ್ಲ.

"ನಮ್ಮೆಲ್ಲರ ಮಗ ಅಲ್ಲ," ಎಂದಳು. "ನನ್ನ ಮಗ. ನಿಮ್ಮ ಯಾರ ಕೈಯೂ ಅವನನ್ನ ನಡೆಸಿಲ್ಲ. ಅವನು ಮೊದಲ ಹೆಜ್ಜೆ ಇಟ್ಟದ್ದು ನನ್ನ ಕಡೆಗೆ. ಮಧ್ಯಾಹ್ನ, ನಾಲ್ಕು ಗಂಟೆ ಮೇಲೆ. ನಮ್ಮ ಕೋಣೆ ಮುಂದಿನ ಹುಲ್ಲಿನ ಮೇಲೆ ಕೂತಿದ್ದೆ, ಕೈ ಚಾಚಿದೆ, ಬಂದ. ನಗ್ತಾ ಬಂದ. ಅದನ್ನ ನೀವು ಯಾರೂ ನೋಡಿಲ್ಲ. ನಾನು ನೋಡಿದೀನಿ."

ಸುಳ್ಳು ಎಷ್ಟು ಸಲೀಸಾಗಿ ಬಂತೆಂದರೆ, ಆಡಿ ಮುಗಿಸಿದಾಗ ಹುಲ್ಲಿನ ತಂಪು ಅವಳಿಗೆ ಕಾಲಿಗೆ ತಾಗಿದ ಹಾಗಿತ್ತು. ಯಾರೋ ಮೂಗು ಒರೆಸಿಕೊಂಡರು. ಅಷ್ಟಕ್ಕೇ ಮುಗಿದಿದ್ದರೆ ಎಲ್ಲರೂ ಅತ್ತು ಮನೆಗೆ ಹೋಗುತ್ತಿದ್ದರು. ಆದರೆ ಕಿಬ್ಬುತ್ಸಿನಲ್ಲಿ ಯಾರಿಗೂ ಗೊತ್ತಿಲ್ಲದ ಹೆಜ್ಜೆ ಅಂತ ಒಂದಿರುವುದಿಲ್ಲ. ಮೂರನೆಯ ಸಾಲಲ್ಲಿ ಫ್ರಾನ್ಯಾ ಕೂತಿದ್ದಳು, ಹಿಂದೆ ಅಡುಗೆಮನೆ ನಡೆಸುತ್ತಿದ್ದ ಮುದುಕಿ, ಕಿವಿ ಮಂದ, ಆದ್ದರಿಂದ ದನಿ ಜೋರು. ಅವಳಿಗೆ ಯಾರ ಮೇಲೂ ದ್ವೇಷ ಇರಲಿಲ್ಲ. ಅದೇ ಕಷ್ಟ.

"ಅಲ್ವೇ ಬ್ರೋಂಕಾ, ಅದು ಬೆಳಿಗ್ಗೆ ಕಣೇ!" ಎಂದಳು ಇಡೀ ಊಟದ ಮನೆಗೆ ಕೇಳುವ ಹಾಗೆ. "ನಾನು ಹಿಟ್ಟು ಕಲಸ್ತಿದ್ದೆ. ಶಿಫ್ರಾ ಓಡೋಡಿ ಬಂದ್ಲು, ಗಿಯೋರಾ ನಡೆದ, ಗಿಯೋರಾ ನಡೆದ ಅಂತ. ಹಿಟ್ಟಿನ ಕೈಯಲ್ಲೇ ನನ್ನ ಎಳ್ಕೊಂಡು ಹೋದ್ಲಲ್ಲ. ಮಕ್ಕಳ ಮನೆಯಲ್ಲೇ ಕಣೇ, ನೆನಪಿಲ್ವಾ ನಿನಗೆ? ಓ, ನೀನೆಲ್ಲಿದ್ದೆ ಆಗ, ನೀನು ಉಗ್ರಾಣದಲ್ಲಿದ್ದೆ."

ನಾಫ್ತಾಲಿ ಗಾಯನ ತಂಡಕ್ಕೆ ಕಣ್ಸನ್ನೆ ಮಾಡಿದ. ಅವರು ಯಾವ ಹಾಡು ಅಂತ ಗೊತ್ತಾಗದೆ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಜೇಲಿಗ್ ಹೆಂಡತಿಯ ತೋಳು ಹಿಡಿದು ಕೂರಿಸಲು ನೋಡಿದ. ಬ್ರೋಂಕಾ ಕೂರಲಿಲ್ಲ. ಕೂತರೆ ಮುಗಿಯಿತು. ಸತ್ತ ಮಗನ ಫೋಟೋದ ಮುಂದೆ ಸುಳ್ಳು ಹೇಳಿ ಸಿಕ್ಕಿಬಿದ್ದ ತಾಯಿ ಅಂತ ಇನ್ನು ಇರುವಷ್ಟು ದಿನ ಈ ಊಟದ ಮನೆಯಲ್ಲೇ, ಈ ಜನರ ನಡುವೆಯೇ ಸೂಪು ಕುಡಿಯಬೇಕು.

ಒಬ್ಬೊಬ್ಬರೇ ಹಿಂದೆ ತಿರುಗಿದರು. ಎಲ್ಲರೂ ಶಿಫ್ರಾಳನ್ನು ನೋಡುತ್ತಿದ್ದರು.

ಬ್ರೋಂಕಾಳೂ ತಿರುಗಿದಳು. ಹೇಳು ಮತ್ತೆ, ಎಂದಳು ಮನಸ್ಸಿನಲ್ಲೇ. ಇಷ್ಟು ವರ್ಷ ಕಾದಿದ್ದೀಯ. ಎಳೆ ಪರದೆ.

ಶಿಫ್ರಾ ಕಿಂಡಿಯ ಕಟ್ಟೆಯಿಂದ ಕೈ ತೆಗೆದಳು. ಏನನ್ನೋ ಕೈಬಿಡುವ ಮೊದಲು ಕೊನೆಯ ಸಲ ನೋಡಿಕೊಳ್ಳುವವಳ ಹಾಗಿದ್ದಳು.

"ಫ್ರಾನ್ಯಾ, ನಿನಗೆ ಮರೆವು," ಎಂದಳು. "ಅದು ಎಲ್ಯಕೀಮ್ ನಡೆದ ದಿನ. ಗಿಯೋರಾ ನಡೆದದ್ದು ಮಧ್ಯಾಹ್ನವೇ. ನಾನು ಅವನನ್ನ ಕರ್ಕೊಂಡು ಹೋಗಿದ್ದೆ. ಇವಳು ಹುಲ್ಲಿನ ಮೇಲೆ ಕೂತಿದ್ಲು." ಬ್ರೋಂಕಾಳ ಕಡೆ ತಿರುಗಿದಳು. "ನಗ್ತಾ ಏನೂ ಇರ್ಲಿಲ್ಲ. ಮುಖ ಗಂಟು ಹಾಕ್ಕೊಂಡಿದ್ದ, ದೊಡ್ಡ ಕೆಲಸಕ್ಕೆ ಹೊರಟವನ ಹಾಗೆ. ಎರಡೂ ಕೈ ಮೇಲೆತ್ತಿ, ಹೊಟ್ಟೆ ಮುಂದೆ ಮಾಡಿ. ಎಡಗಾಲಲ್ಲಿ ಕಾಲುಚೀಲ ಇತ್ತು, ಬಲಗಾಲಲ್ಲಿ ಇರ್ಲಿಲ್ಲ. ಮೂರು ಹೆಜ್ಜೆ ಇಟ್ಟ. ನಾಲ್ಕನೇದಕ್ಕೆ ದಪ್ಪಂತ ಕೂತ. ಅಳಲಿಲ್ಲ. ಯಾರು ತಳ್ಳಿದ್ದು ಅಂತ ಹಿಂದೆ ತಿರುಗಿ ನೋಡಿದ."

ಸಭೆಯಲ್ಲಿ ಅಲ್ಲಲ್ಲಿ ಸಣ್ಣ ನಗು ಎದ್ದಿತು. ಎಲ್ಯಕೀಮ್ ತನ್ನ ಸುಟ್ಟ ಕೈಯಿಂದ ಮುಖ ಮುಚ್ಚಿಕೊಂಡ. ಅದು ಗಿಯೋರಾನೇ. ಸರಳನೂ ಅಲ್ಲ ಮೌನಿಯೂ ಅಲ್ಲ, ಬಿದ್ದರೆ ಯಾರು ತಳ್ಳಿದ್ದು ಅಂತ ನೋಡುವ ಗಿಯೋರಾ, ಇಡೀ ವರ್ಷದಲ್ಲಿ ಮೊದಲ ಸಲ ಆ ಊಟದ ಮನೆಗೆ ಬಂದಿದ್ದ.

ಬ್ರೋಂಕಾ ಕೂತಳು. ಮಗ ನಡೆದದ್ದನ್ನು ಅವಳು ಈಗಷ್ಟೇ ನೋಡಿದ್ದಳು, ಒಂದು ಕಾಲಲ್ಲಿ ಕಾಲುಚೀಲ ಹಾಕಿಕೊಂಡು. ಅದಕ್ಕೆ ಸಂತೋಷಪಡಬೇಕು ಅಂತ ಅವಳಿಗೆ ಗೊತ್ತಿತ್ತು. ಆದರೆ ಅವಮಾನದಲ್ಲಿ ಅವಳ ಕಿವಿ ಸುಡುತ್ತಿತ್ತು. ಶಿಫ್ರಾ ಅವಳನ್ನು ಇಡೀ ಊರಿನ ಮುಂದೆ ಬಟಾಬಯಲು ಮಾಡಿದ್ದರೆ ಚೆನ್ನಾಗಿತ್ತು. ಹಗೆಯಾದರೂ ಉಳಿಯುತ್ತಿತ್ತು. ಈಗ ಭಿಕ್ಷೆ ಹಾಕಿದ್ದಳು, ಅದೂ ತನ್ನ ಹತ್ತಿರ ಇದ್ದದ್ದನ್ನೇ ತೆಗೆದು.

ಕಾರ್ಯಕ್ರಮ ಮುಗಿದ ಮೇಲೆ ಹೊರಗೆ ಸೈಕಲ್ ನಿಲ್ಲಿಸುವ ಕಡೆ ಬ್ರೋಂಕಾ ಶಿಫ್ರಾಳನ್ನು ಹಿಡಿದಳು.

"ಯಾಕೆ ಹಾಗಂದೆ?"

"ಅವನ ಸಂಜೆ ಕಣೇ ಅದು. ನಿನ್ನ ಜಗಳದಲ್ಲಿ ಮುಗೀಬಾರದು ಅಂತ. ನಿನಗೋಸ್ಕರ ಅಂದ್ಕೊಂಡ್ಯಾ?"

"ನಾನೇನು ನಿನ್ನ ಬೇಡಿರ್ಲಿಲ್ಲ."

"ಬೇಡಿದ್ದೆ. ನಿನ್ನೆ. ನಾನೇ ಇಲ್ಲ ಅಂದಿದ್ದೆ." ಶಿಫ್ರಾ ಸೈಕಲ್ಲಿನ ಹ್ಯಾಂಡಲ್ ಹಿಡಿದಳು. "ಒಂದು ಕೊಟ್ಟಿದ್ದೀನಿ. ಇನ್ನು ಕೇಳ್ಬೇಡ."

ಬ್ರೋಂಕಾ ಸೈಕಲ್ಲಿನ ಚಕ್ರಕ್ಕೆ ಕಾಲು ಅಡ್ಡ ಕೊಟ್ಟಳು. "ಒಂದೇ ಒಂದು. ನಿಜವಾಗ್ಲೂ ಯಾರ ಕಡೆ ನಡೆದ? ನಿನ್ನ ಕಡೆನಾ?"

ಹೌದು ಅನ್ನಲಿ ಅಂತ ಕಾದಳು. ಹೌದು ಅಂದಿದ್ದರೆ ಕೆನ್ನೆಗೆ ಒಂದು ಬಿಡಲು ಕೈ ತಯಾರಿತ್ತು.

"ಇಲ್ಲ," ಎಂದಳು ಶಿಫ್ರಾ. "ನಾನೂ ಕೈ ಚಾಚಿದ್ದೆ. ನನ್ನ ಪಕ್ಕದಿಂದಲೇ ಹೋದ. ಬಾಗಿಲ ಕಡೆ ಹೋದ."

"ಯಾವ ಬಾಗಿಲು?"

"ಇನ್ಯಾವುದು? ನೀನು ನಾಲ್ಕಕ್ಕೆ ಬರ್ತಿದ್ದ ಬಾಗಿಲು."

ಬ್ರೋಂಕಾ ಕಾಲು ತೆಗೆದಳು. ಶಿಫ್ರಾ ಸೈಕಲ್ ತಳ್ಳಿಕೊಂಡು ಹೋದಳು, ಹತ್ತಲಿಲ್ಲ.

ಶುಕ್ರವಾರ ಬೆಳಿಗ್ಗೆ ಬಿಸಿಗಾಳಿ. ಸೈಪ್ರಸ್ ಮರಗಳ ಆಚೆ ಜನ, ಈಚೆ ಗೋರಿ, ಗೋರಿಯ ಪಕ್ಕ ಜೇಲಿಗ್ ಮತ್ತು ಬ್ರೋಂಕಾ. ಸೈನ್ಯದಿಂದ ಬಂದಿದ್ದ ಇಬ್ಬರು ಹುಡುಗರು ಅಟೆನ್ಷನ್ನಿನಲ್ಲಿ ಬೆವರುತ್ತಿದ್ದರು. ಹೆತ್ತವರು ಮೊದಲು, ಆಮೇಲೆ ಉಳಿದವರು, ಒಬ್ಬೊಬ್ಬರಾಗಿ ಬಂದು ಬೆಣಚುಕಲ್ಲು ಇಡುವುದು ಪದ್ಧತಿ. ಜೇಲಿಗ್ ಬಗ್ಗಿ ತನ್ನ ಕಲ್ಲು ಇಟ್ಟ. ಬ್ರೋಂಕಾ ಕೈಯಲ್ಲಿದ್ದ ಕಲ್ಲನ್ನು ಇಡದೆ ಮರಗಳ ಕಡೆ ನಡೆದಳು. ಜನ ದಾರಿ ಬಿಟ್ಟರು. ಗ್ಯಾರೇಜಿನ ಗಂಡಸರ ಬೆನ್ನ ಹಿಂದೆ ಶಿಫ್ರಾ ಇದ್ದಳು, ಕೆಲಸದ ಬಟ್ಟೆಯಲ್ಲೇ.

"ಎಷ್ಟು ಹೊತ್ತು ಇಲ್ಲೇ ನಿಂತಿರ್ತೀಯ?" ಎಂದಳು ಬ್ರೋಂಕಾ, ಹಲ್ಲು ಬಿಗಿಹಿಡಿದು. "ಬಾ."

"ನಾನು ನಿನ್ನ ಕೇಳಿಲ್ಲ ಇವತ್ತು."

"ಬಾರೇ ಅಂದೆ. ಊರೆಲ್ಲ ನೋಡ್ತಿದೆ." ಅವಳ ತೋಳು ಹಿಡಿದು ಎಳೆದಳು. ಮೆಲ್ಲಗೆ ಏನಲ್ಲ. ಹಿಡಿದ ಕಡೆ ಕೆಂಪಾಗಿರಬೇಕು. ಶಿಫ್ರಾ ಕೈ ಕೊಡವಿಕೊಂಡಳು, ಆದರೆ ಬಂದಳು. ನಾಫ್ತಾಲಿ ಏನೋ ಹೇಳಲು ಬಾಯಿ ತೆರೆದ. ಬ್ರೋಂಕಾ ಅವನನ್ನು ಒಂದು ಸಲ ನೋಡಿದಳು, ಅವನು ಬಾಯಿ ಮುಚ್ಚಿದ.

ಮೂವರೂ ಗೋರಿಯ ಪಕ್ಕ ನಿಂತರು. ಬ್ರೋಂಕಾ ತನ್ನ ಕಲ್ಲನ್ನು ಮೂಲೆಯಲ್ಲಿ ಇಟ್ಟಳು. ಆಮೇಲೆ ಶಿಫ್ರಾ ಬಗ್ಗಿದಳು. ಅವಳ ಕಲ್ಲು ದೊಡ್ಡದು, ಚಪ್ಪಟೆ, ಮಕ್ಕಳ ಮನೆಯ ಅಂಗಳದ್ದು. ಗಿಯೋರಾನ ಹೆಸರಿನ ಕೆಳಗೆ ಎರಡನೆಯ ಸಾಲು: ಬ್ರೋಂಕಾ ಮತ್ತು ಜೇಲಿಗರ ಮಗ. ಶಿಫ್ರಾ ಆ ಸಾಲನ್ನು ಓದಿದಳು, ಆತುರಪಡದೆ ಜಾಗ ನೋಡಿದಳು, ತನ್ನ ಕಲ್ಲನ್ನು ಸರಿಯಾಗಿ 'ಬ್ರೋಂಕಾ' ಎಂಬುದರ ಮೇಲೆ ಇಟ್ಟಳು. ಆ ಹೆಸರು ಪೂರ್ತಿ ಮುಚ್ಚಿಹೋಯಿತು. ಎದ್ದು ನಿಂತು ಕೈ ಒರೆಸಿಕೊಂಡಳು.

ಬ್ರೋಂಕಾಳ ಕೈ ತಾನಾಗಿಯೇ ಮುಂದೆ ಹೋಯಿತು. ಬೆರಳು ಕಲ್ಲಿಗೆ ತಾಗಿತು. ಬಿಸಿಲಿಗೆ ಬೆಚ್ಚಗಿತ್ತು. ಮರಗಳ ಆಚೆ ಎಲ್ಲರೂ ಅವಳ ಕೈಯನ್ನೇ ನೋಡುತ್ತಿದ್ದರು. ಶಿಫ್ರಾ ನೋಡುತ್ತಿರಲಿಲ್ಲ. ಅವಳು ಗೋರಿಯನ್ನು ನೋಡುತ್ತಿದ್ದಳು. ಕೆನ್ನೆ ಒದ್ದೆಯಾಗಿತ್ತು, ಒರೆಸಿಕೊಂಡಿರಲಿಲ್ಲ.

ಬ್ರೋಂಕಾ ಕೈ ಹಿಂದೆ ತೆಗೆದುಕೊಂಡಳು.

"ಇರ್ಲಿ," ಎಂದಳು. "ನಾಲ್ಕರವರೆಗೆ ಇರ್ಲಿ. ನಾಲ್ಕಕ್ಕೆ ನಾನು ಬಂದು ತೆಗೀತೀನಿ."